ಪೂರ್ಣಶಕ್ತಿಯಿಂದ ಅಂದರೆ ಪರ್ಸಿನಿಂದಲೂ

ಎಲ್ಲರಿಗೂ ನಮಸ್ಕಾರ. ದೇವರನ್ನು ಪ್ರೀತಿಸುತ್ತೀರಾ ಅಂತ ಯಾವ ಸಭೆಯಲ್ಲಿ ಕೇಳಿದರೂ ಕೈ ಎತ್ತದವರು ಸಿಗುವುದಿಲ್ಲ. ಹೇಗೆ ಪ್ರೀತಿಸುತ್ತೀರಿ ಅಂತ ಕೇಳಿದರೆ ಮಾತ್ರ ಉತ್ತರ ಭಾನುವಾರದ ಸುತ್ತಲೇ ಸುತ್ತುತ್ತದೆ: ಆರಾಧನೆ, ಹಾಡು, ಹಾಡುವಾಗ ತುಂಬಿ ಬಂದ ಕಣ್ಣು. ಆ ಕಣ್ಣೀರನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ಮಾರ್ಕನ ಸುವಾರ್ತೆ 12ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಮೊದಲನೆಯ ಆಜ್ಞೆ ಯಾವುದೆಂದು ಹೇಳುವಾಗ ಹೃದಯದ ಜೊತೆ ಇನ್ನೂ ಮೂರನ್ನು ಸೇರಿಸುತ್ತಾರೆ: ಪ್ರಾಣ, ಬುದ್ಧಿ, ಶಕ್ತಿ. ಇವತ್ತಿನ ಮಾತು ಆ ಕೊನೆಯದರ ಬಗ್ಗೆ.

ಈ ಆಜ್ಞೆಯ ಮೂಲ ಧರ್ಮೋಪದೇಶಕಾಂಡ 6ನೇ ಅಧ್ಯಾಯ. ಅಲ್ಲಿ ನಾವು 'ಶಕ್ತಿ' ಅಂತ ಓದುವ ಕಡೆ ಇರುವ ಹೀಬ್ರೂ ಪದ 'ಮೆಓದ್'. ಬೇರೆ ಕಡೆಗಳಲ್ಲಿ ಹೆಚ್ಚಾಗಿ ಅದಕ್ಕೆ 'ಬಹಳ' ಅನ್ನುವಂಥ ಅರ್ಥ. ನಿನ್ನಲ್ಲಿ ಬಹಳವಾಗಿ ಏನಿದೆಯೋ ಅದರಿಂದ ಪ್ರೀತಿಸು ಅಂದ ಹಾಗೆ. ಹಳೆಯ ಯೆಹೂದ್ಯ ಗುರುಗಳು ಇದಕ್ಕೆ ನೇರವಾಗಿ 'ನಿನ್ನ ಹಣದಿಂದ' ಅಂತಲೇ ಅರ್ಥ ಹೇಳಿದರು. ನಮ್ಮ ಸಭೆಗಳು ಹಾಡನ್ನು ದೇವರಿಗೆ ಧಾರಾಳವಾಗಿ ಕೊಟ್ಟು, ಗಡಿಯಾರ ಮತ್ತು ಪರ್ಸನ್ನು ಮಾತ್ರ ಹಿಂದಕ್ಕೆ ಇಟ್ಟುಕೊಂಡಿವೆ ಅನ್ನುವುದು ನನ್ನ ಅಭಿಪ್ರಾಯ.

ಮೊದಲು ಗಡಿಯಾರ. ಜನವರಿ ಒಂದಕ್ಕೆ ಆದಿಕಾಂಡ ಹಿಡಿದು ವರ್ಷದಲ್ಲಿ ಇಡೀ ಬೈಬಲ್ ಮುಗಿಸುತ್ತೇನೆ ಅಂತ ಹೊರಡುತ್ತೇವೆ. ಒಟ್ಟು 1,189 ಅಧ್ಯಾಯ, ಅಂದರೆ ದಿನಕ್ಕೆ ಮೂರಕ್ಕಿಂತ ಹೆಚ್ಚು. ಅಬ್ರಹಾಮ, ಯೋಸೇಫರ ಕಥೆ ಓಡುತ್ತದೆ. ವಿಮೋಚನಕಾಂಡದ 25ನೇ ಅಧ್ಯಾಯದಲ್ಲಿ ದೇವರ ಆರಾಧನೆಗೆ ಕಟ್ಟಬೇಕಾದ ಗುಡಾರದ ಅಳತೆಗಳು ಶುರುವಾದಾಗ ಕಾಲು ಹೂತುಹೋಗುತ್ತದೆ. ನಾಲ್ಕು ದಿನ ಬಾಕಿ ಬಿದ್ದರೆ ಹದಿಮೂರು ಅಧ್ಯಾಯ ಸಾಲ. ಐದನೇ ದಿನ ಪುಸ್ತಕ ಮುಟ್ಟುವುದಕ್ಕೇ ನಾಚಿಕೆ. ಇಲ್ಲಿ ಸೋತದ್ದು ಭಕ್ತಿಯಲ್ಲ, ಲೆಕ್ಕ. ಹೊಸದಾಗಿ ಶುರು ಮಾಡುವವರು ಮಾರ್ಕನ ಸುವಾರ್ತೆ ತೆಗೆದುಕೊಳ್ಳಿ. ಹದಿನಾರೇ ಅಧ್ಯಾಯ, ದಿನಕ್ಕೆ ಅರ್ಧ ಓದಿದರೂ 32 ದಿನ. ಜೊತೆಗೆ ಬೈಬಲಿನ ಕೀರ್ತನೆಗಳ ಪುಸ್ತಕದಿಂದ ದಿನಕ್ಕೊಂದು ಕೀರ್ತನೆ, ಬಾಯಿಬಿಟ್ಟು, ಸ್ವರ ಕಿವಿಗೆ ಬೀಳುವ ಹಾಗೆ. 119ನೆಯದು ಬಂದಾಗ ಗಾಬರಿ ಬೇಡ, ಅದರಲ್ಲಿ 176 ವಚನ ಇದ್ದರೂ ಎಂಟೆಂಟರ 22 ಕಟ್ಟುಗಳಾಗಿ ಮೊದಲೇ ಹಂಚಿ ಇಟ್ಟಿದೆ. ದಿನಕ್ಕೊಂದು ಕಟ್ಟು ಸಾಕು. ಒಂದು ದಿನ ತಪ್ಪಿದರೆ ಬಾಕಿ ತೀರಿಸಲು ಹೋಗಬೇಡಿ, ಅಂದಿನದನ್ನು ಅಂದು ಓದಿ. ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ಆ್ಯಪ್‌ನಲ್ಲಿ ಬೈಬಲ್ ಇದೆ ನಿಜ, ಆದರೆ ಅದೇ ಪರದೆಯ ಮೇಲೆ ಫ್ಯಾಮಿಲಿ ಗ್ರೂಪಿನ ಗುಡ್ ಮಾರ್ನಿಂಗೂ ಬರುತ್ತದೆ.

ಯಾರಾದರೂ ಕಷ್ಟ ಹೇಳಿಕೊಂಡಾಗ 'ಪ್ರಾರ್ಥನೆ ಮಾಡ್ತೀನಿ' ಅನ್ನುತ್ತೇವಲ್ಲ, ಅದು ದೇವರೆದುರು ಕೊಟ್ಟ ಮಾತು. ಅಲ್ಲೇ ನಿಂತು ಎರಡು ವಾಕ್ಯ ಪ್ರಾರ್ಥಿಸಿಬಿಡಿ. ಆಗದಿದ್ದರೆ ಹೆಸರು ಬರೆದುಕೊಂಡು ಬೈಬಲಿನೊಳಗೆ ಇಡಿ.

ಮನೆ ಪ್ರಾರ್ಥನೆ ಕೆಡುವುದು ಹೆಚ್ಚಾಗಿ ಉದ್ದದಿಂದ. ಮಂಗಳೂರು ಕಡೆಯ ಕಥೋಲಿಕ ಮನೆಗಳಲ್ಲಿ ಸಂಜೆಯ 'ತೆರ್ಸ್', ಅಂದರೆ ಜಪಮಾಲೆಯ ಪ್ರಾರ್ಥನೆ, ತಲೆಮಾರುಗಳ ಕಾಲ ಉಳಿದು ಬಂದಿದೆ. ಅದಕ್ಕೊಂದು ಶುರು, ಒಂದು ಕೊನೆ, ನಡುವೆ ಮಕ್ಕಳ ಬಾಯಿಗೂ ಬರುವ ಸಾಲುಗಳು ಇರುವುದೂ ಅದಕ್ಕೆ ಕಾರಣ ಇರಬೇಕು. ನಮ್ಮ ಪ್ರೊಟೆಸ್ಟಂಟ್ ಮನೆಗಳಲ್ಲಿ ಅಪ್ಪನ ಪ್ರಸಂಗ ಮುಕ್ಕಾಲು ಗಂಟೆ ಹೋಗುತ್ತದೆ. ಅವತ್ತು ಮಗ ಮಾಡಿದ ತಪ್ಪನ್ನೆಲ್ಲ ಪ್ರಾರ್ಥನೆಯಲ್ಲೇ ದೇವರಿಗೆ ವರದಿ ಮಾಡುತ್ತಾರೆ. ಹೀಗೆ ಮಾಡಬೇಡಿ, ಮಗು ಪ್ರಾರ್ಥನೆಗೇ ಹೆದರುತ್ತದೆ. ಒಂದು ಹಾಡು, ಆರೇಳು ವಚನ, ಎಲ್ಲರೂ ಒಂದೊಂದು ಸಾಲು ಪ್ರಾರ್ಥನೆ, ಕೊನೆಗೆ ಕರ್ತನ ಪ್ರಾರ್ಥನೆ. ಹತ್ತು ನಿಮಿಷದೊಳಗೆ ಮುಗಿಯಲಿ, ಊಟಕ್ಕೆ ಮೊದಲೇ. ಊಟವಾದ ಮೇಲೆ ಮಕ್ಕಳು ತೂಕಡಿಸುತ್ತಾರೆ.

ಈಗ ಪರ್ಸು. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 16ನೇ ಅಧ್ಯಾಯದಲ್ಲಿ ಕಾಣಿಕೆಗೆ ಸರಳ ದಾರಿ ಹೇಳುತ್ತಾನೆ: ವಾರದ ಮೊದಲನೆಯ ದಿನ, ಬಂದ ಆದಾಯಕ್ಕೆ ತಕ್ಕಂತೆ, ಪ್ರತಿಯೊಬ್ಬರೂ ತೆಗೆದಿಡಲಿ. ಸಂಬಳ ಬಂದ ದಿನವೇ, ಇಎಂಐ ಕಟ್ ಆಗುವ ಮೊದಲೇ, ಬೇರೆ ಲಕೋಟೆಗೆ ಹಾಕಿ. ತಿಂಗಳ ಕೊನೆಗೆ ಉಳಿದದ್ದನ್ನು ಕೊಡೋಣ ಅಂದರೆ ಉಳಿಯುವುದಿಲ್ಲ.

ಆದರೆ ದಶಮಾಂಶ ಸರಿಯಾಗಿ ಕೊಡುವವರಿಗೇ ಒಂದು ಮಾತು ಹೇಳಬೇಕು. ಪುದೀನ, ಸಬ್ಬಸಿಗೆ, ಜೀರಿಗೆಯಲ್ಲೂ ಹತ್ತರಲ್ಲೊಂದು ಪಾಲು ಕೊಟ್ಟು ನ್ಯಾಯವನ್ನು ಬಿಟ್ಟವರನ್ನು ಯೇಸುಸ್ವಾಮಿ ಎಷ್ಟು ಕಠಿಣವಾಗಿ ಗದರಿದರು ಅಂತ ಮತ್ತಾಯ 23ರಲ್ಲಿ ನೋಡಿ. ಕೂಲಿಯವನ ಕೂಲಿ ಬೆಳಗಿನವರೆಗೆ ನಿನ್ನಲ್ಲಿ ಉಳಿಯಬಾರದು ಅನ್ನುತ್ತದೆ ಯಾಜಕಕಾಂಡ 19. ಸೂರ್ಯ ಮುಳುಗುವ ಮೊದಲೇ ಕೊಡು, ಅವನು ಬಡವ, ಅದಕ್ಕಾಗಿ ಕಾದಿರುತ್ತಾನೆ ಅನ್ನುತ್ತದೆ ಧರ್ಮೋಪದೇಶಕಾಂಡ 24. ನಮ್ಮ ಮನೆಯಲ್ಲಿ ಏನು ನಡೆಯುತ್ತದೆ? ಗಾರೆಯವರು ಶನಿವಾರ ಸಂಜೆ ಕೈಕಾಲು ತೊಳೆದು, ಬುತ್ತಿ ಡಬ್ಬಿ ಹಿಡಿದು ಗೇಟಿನ ಹತ್ತಿರ ನಿಂತಿರುತ್ತಾರೆ. 'ಚಿಲ್ಲರೆ ಇಲ್ಲ, ಸೋಮವಾರ ನೋಡೋಣ' ಅಂದುಬಿಡುತ್ತೇವೆ. ಮರುದಿನ ಸಂತೆಗೆ ಅವರ ಕೈಯಲ್ಲಿ ದುಡ್ಡಿರುವುದಿಲ್ಲ. ಅದೇ ಭಾನುವಾರ ನಮ್ಮ ಕಾಣಿಕೆ ಲಕೋಟೆ ತಟ್ಟೆಗೆ ಬೀಳುತ್ತದೆ. ಮನೆಗೆಲಸದಾಕೆಗೆ ಮೂರು ಸಾವಿರ ಸಂಬಳ. ಜ್ವರ ಬಂದು ಎರಡು ದಿನ ಬರದಿದ್ದರೆ ಇನ್ನೂರು ಮುರಿದುಕೊಳ್ಳುತ್ತೇವೆ. ನಮ್ಮ ಆಫೀಸು ನಮಗೆ ಸಿಕ್ ಲೀವ್ ಕೊಡುತ್ತದೆ. ಆಕೆಗೂ ವಾರಕ್ಕೊಂದು ರಜೆ, ಜ್ವರಕ್ಕೆ ಸಂಬಳದ ರಜೆ, ಒಂದನೇ ತಾರೀಖು ಕೇಳದೆಯೇ ಸಂಬಳ ಕೊಡಿ. ಕೆಲಸದವರು ಬರುವ ದಿನ ಬೆಳಿಗ್ಗೆಯೇ ಚಿಲ್ಲರೆ ತಂದಿಡಿ. ದೇವರ ಮೇಲಿನ ಪ್ರೀತಿಗೆ ಇದಕ್ಕಿಂತ ಹತ್ತಿರದ ಜಾಗ ನನಗೆ ಕಾಣುವುದಿಲ್ಲ.

ಹೆತ್ತವರ ವಿಷಯವೂ ಹೀಗೆಯೇ. ನಿಮಗೆ ಸಲ್ಲಬೇಕಾದದ್ದು 'ಕೊರ್ಬಾನ್', ದೇವರಿಗೆ ಮೀಸಲು ಅಂತ ಹೇಳಿ ತಂದೆತಾಯಿಯನ್ನು ಕೈಬಿಡುವುದನ್ನು ಯೇಸುಸ್ವಾಮಿ ಮಾರ್ಕ 7ರಲ್ಲಿ ಖಂಡಿಸುತ್ತಾರೆ. ಚರ್ಚ್ ಕಟ್ಟಡದ ನಿಧಿಗೆ ಬರೆಸಿದ ಮೊತ್ತಕ್ಕೆ ಅಮ್ಮನ ಬಿಪಿ ಮಾತ್ರೆ ಬಲಿಯಾಗಬಾರದು.

ಇನ್ನು ಮುರಿದ ಸಂಬಂಧ. ಯಜ್ಞವೇದಿಯ ಹತ್ತಿರ ನಿಂತಾಗ ಸಹೋದರನಿಗೆ ನಿನ್ನ ಮೇಲೆ ಏನೋ ಮನಸ್ತಾಪ ಇದೆ ಅಂತ ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು ಹೋಗು, ಮೊದಲು ಅವನ ಜೊತೆ ರಾಜಿಯಾಗು ಅನ್ನುತ್ತದೆ ಮತ್ತಾಯ 5. ಕೇಳುತ್ತಿದ್ದವರಲ್ಲಿ ಗಲಿಲಾಯದವರಿದ್ದರು, ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ನಡುವೆ 100 ಕಿಲೋಮೀಟರಿಗೂ ಹೆಚ್ಚು, ಮೂರ್ನಾಲ್ಕು ದಿನದ ನಡಿಗೆ. ಕಾಣಿಕೆ ಬಿಟ್ಟು ಅಷ್ಟು ದೂರ ವಾಪಸ್ಸು ಹೋಗು ಅಂದರೆ ಯಾವುದು ಮುಖ್ಯ ಅಂತ ಗೊತ್ತಾಗುತ್ತದೆ. ನಮಗೆ ಫೋನ್ ಇದೆ. ಕರ್ತನ ಭೋಜನದ ಭಾನುವಾರಕ್ಕೆ ಮುಂಚಿನ ಶನಿವಾರವನ್ನು ಇದಕ್ಕೇ ಇಡಿ. ವಾಟ್ಸ್ಆ್ಯಪ್ ಬೇಡ, ಧ್ವನಿ ಕೇಳಿಸಲಿ. ಮಾಡಿದ ತಪ್ಪನ್ನು ಹೆಸರಿಟ್ಟು ಹೇಳಿ: 'ಜಾಗದ ವಿಷಯದಲ್ಲಿ ಅಣ್ಣನ ಹತ್ತಿರ ನಿಮ್ಮ ಬಗ್ಗೆ ಸುಳ್ಳು ಹೇಳಿದೆ ಅತ್ತಿಗೆ, ಅದು ನನ್ನ ತಪ್ಪು.' 'ನಿಮಗೆ ಬೇಜಾರಾಗಿದ್ದರೆ ಕ್ಷಮಿಸಿ' ಅನ್ನುವುದು ಕ್ಷಮೆ ಕೇಳಿದಂತಲ್ಲ, ತಪ್ಪನ್ನು ಅವರ ಬೇಜಾರಿಗೇ ಅಂಟಿಸಿದಂತೆ. ಅವರ ತಪ್ಪಿನ ಪಟ್ಟಿ ಆ ಕರೆಯಲ್ಲಿ ತೆಗೆಯಬೇಡಿ. ಹೊಡೆತ ತಿಂದು ಮನೆ ಬಿಟ್ಟು ಬಂದ ಹೆಣ್ಣುಮಗಳಿಗೆ ಈ ವಚನ ತೋರಿಸಿ 'ವಾಪಸ್ ಹೋಗಮ್ಮ' ಅನ್ನುವುದು ಮಾತ್ರ ವಾಕ್ಯವನ್ನು ತಿರುಚಿದಂತೆ. ಇಲ್ಲಿ ಹೋಗಬೇಕಾದದ್ದು ತಪ್ಪು ಮಾಡಿದವರು.

ಅತ್ತಿಗೆ ಫೋನ್ ಎತ್ತದೆ ಇರಬಹುದು. ಎತ್ತಿ, ಸುಮ್ಮನೆ ಕೇಳಿ, ಇಟ್ಟುಬಿಡಲೂಬಹುದು. ಅದು ಅವರ ಹಕ್ಕು. ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಮಾಡಿ, ಅಷ್ಟರೊಳಗೆ ಅಣ್ಣನ ಹತ್ತಿರ ಹೋಗಿ ಹೇಳಿದ ಸುಳ್ಳನ್ನು ಸರಿಪಡಿಸಿ ಬನ್ನಿ.