ಸೀಮೆಎಣ್ಣೆ, ಸೀಮೆಸುಣ್ಣ, ಒಂದು ಬಿರುಕು

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಯಲ್ಲಿ ಒಂದು ಅಂಬಾಸಿಡರ್ ಇದೆ. ಮಾರ್ಕ್ 2. ಅಪ್ಪ ಕೊಂಡಿದ್ದು. ಜಯನಗರದಲ್ಲಿ ಮನೆ ಮುಂದಿನ ಹೊಂಗೆ ಮರದ ಕೆಳಗೆ ನಿಂತಿರುತ್ತದೆ. ಹೋದ ಚಳಿಗಾಲದ ಒಂದು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಾನೆಟ್ ಒಳಗಿಂದ ಟಿಕ್ ಟಿಕ್ ಅಂತ ಸದ್ದು ಬಂತು. ಐದಾರು ನಿಮಿಷ ಕಳೆದರೆ ಸದ್ದು ತಾನಾಗೇ ಮಾಯ. ಇಂಜಿನ್ ವಾಲ್ವ್ ತಳ್ಳುವ ಟ್ಯಾಪೆಟ್ ಇರಬೇಕು ಅಂದುಕೊಂಡು ಅದನ್ನು ಸರಿ ಮಾಡಿಸಿದೆ. ಮಾರನೇ ಬೆಳಿಗ್ಗೆ ಮತ್ತೆ ಅದೇ ಟಿಕ್ ಟಿಕ್.

ಇಂಜಿನ್ ತಣ್ಣಗಿದ್ದಾಗ ಸದ್ದು, ಬಿಸಿಯಾದ ಮೇಲೆ ಇಲ್ಲ. ಹಳೇ ಕಾರಿನಲ್ಲಿ ಹೀಗಾದರೆ ಮೊದಲು ನೋಡಬೇಕಾದದ್ದು ಎಕ್ಸಾಸ್ಟ್ ಮ್ಯಾನಿಫೋಲ್ಡ್. ಇಂಜಿನ್ ಹೆಡ್‌ನಿಂದ ಹೊಗೆಯನ್ನು ಒಟ್ಟುಮಾಡಿ ಸೈಲೆನ್ಸರ್ ಪೈಪಿಗೆ ತಲುಪಿಸುವ ಬೀಡು ಕಬ್ಬಿಣದ ತುಂಡು ಅದು. ಅದರಲ್ಲಿ ಬಿರುಕು ಬಿಟ್ಟರೆ ಹೊಗೆ ಆ ಸಂದಿಯಿಂದ ಚಿಮ್ಮುತ್ತದೆ. ಬಿಸಿಯಾದಾಗ ಕಬ್ಬಿಣ ಹಿಗ್ಗುತ್ತದೆ, ಸಂದಿ ಮುಚ್ಚಿಕೊಳ್ಳುತ್ತದೆ, ಸದ್ದು ನಿಲ್ಲುತ್ತದೆ. ಸದ್ದು ನಿಂತಿತು ಅಂದರೆ ಸರಿಹೋಯಿತು ಅಂತ ಅಲ್ಲ.

ಇದನ್ನು ದಯವಿಟ್ಟು ಸಣ್ಣ ವಿಷಯ ಅಂತ ಬಿಡಬೇಡಿ. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತಕ್ಕೆ ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹಳೇ ಕಾರುಗಳಲ್ಲಿ ಇಂಜಿನ್‌ಗೂ ಕೂರುವ ಜಾಗಕ್ಕೂ ನಡುವಿನ ತಗಡಿನಲ್ಲಿ ತೂತುಗಳು ಜಾಸ್ತಿ. ರಬ್ಬರ್ ಬುಷ್‌ಗಳು ಒಣಗಿ ಉದುರಿಹೋಗಿರುತ್ತವೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಗಾಜು ಏರಿಸಿಕೊಂಡು ಅರ್ಧ ಗಂಟೆ ನಿಂತಾಗ ಹಿಂದಿನ ಸೀಟಿನಲ್ಲಿ ಅಮ್ಮ ತಲೆ ನೋವು ಅಂದರೆ, ಅದು ಬರೀ ಟ್ರಾಫಿಕ್ಕಿನ ಸುಸ್ತು ಆಗಿರಬೇಕಿಲ್ಲ.

ಬಿರುಕು ಎಲ್ಲಿದೆ ಅಂತ ನನಗೆ ಕಾಣಿಸಲೇ ಇಲ್ಲ. ಕಲಾಸಿಪಾಳ್ಯದ ಹಿಂಬದಿ ಒಬ್ಬರು ವಯಸ್ಸಾದ ಮೇಸ್ತ್ರಿ ಇದ್ದಾರೆ, ಬೀಡು ವೆಲ್ಡಿಂಗ್ ಮಾಡುವವರು. ಬಿಚ್ಚಿದ ಮ್ಯಾನಿಫೋಲ್ಡ್ ತೆಗೆದುಕೊಂಡು ಅವರ ಹತ್ತಿರ ಹೋದೆ. ಅವರು ಅದನ್ನು ತಂತಿಯಲ್ಲಿ ನೇತುಹಾಕಿ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. "ಕೇಳಿಸಿಕೊಳ್ಳಿ ಸ್ವಾಮಿ, ಗಂಟೆ ಥರ ಟಣ್ ಅನ್ನಬೇಕು. ಇದು ಒಡೆದ ಮಡಕೆ ಥರ ಅಂತಿದೆ ನೋಡಿ" ಅಂದರು. ಆಮೇಲೆ ಬಟ್ಟೆಯಲ್ಲಿ ಸೀಮೆಎಣ್ಣೆ ಅದ್ದಿ ಮೈಯೆಲ್ಲ ಒರೆಸಿದರು. ಸ್ವಲ್ಪ ಹೊತ್ತು ಬಿಟ್ಟು ಒಣಬಟ್ಟೆಯಲ್ಲಿ ಚೆನ್ನಾಗಿ ಉಜ್ಜಿ ತೆಗೆದರು. ಮೇಲೆ ಶಾಲೆಯ ಬಿಳಿ ಸೀಮೆಸುಣ್ಣ ತೀಡಿದರು. ಟೀ ಕುಡಿದು ಬರುವಷ್ಟರಲ್ಲಿ ಆ ಬಿಳುಪಿನ ಮೇಲೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಎದ್ದಿತ್ತು. ಬಿರುಕಿನೊಳಗೆ ಇಳಿದ ಸೀಮೆಎಣ್ಣೆಯನ್ನು ಸುಣ್ಣ ಹೀರಿಕೊಂಡು ಮೇಲೆ ತಂದಿತ್ತು. ಮಧ್ಯದ ಬಾಯಿಯ ಪಕ್ಕದಲ್ಲಿ, ಎರಡು ಅಂಗುಲ ಉದ್ದ.

ಅಲ್ಲೇ ಯಾಕೆ? ಈ ಕಾರಿನ 1489 ಸಿಸಿ ಬಿ ಸೀರೀಸ್ ಇಂಜಿನ್‌ನಲ್ಲಿ ಹೊಗೆ ಹೋಗಲು ಮೂರೇ ಬಾಯಿ. ಒಂದನೇ ಸಿಲಿಂಡರಿಗೆ ಒಂದು, ನಾಲ್ಕನೆಯದಕ್ಕೆ ಒಂದು. ಎರಡು ಮತ್ತು ಮೂರಕ್ಕೆ ಸೇರಿ ಮಧ್ಯದಲ್ಲಿ ಒಂದೇ. ಹಾಗಾಗಿ ಮಧ್ಯದ ಜಾಗಕ್ಕೆ ಬಿಸಿ ಜಾಸ್ತಿ. ಆದರೆ ಬರೀ ಬಿಸಿ ಕಾರಣ ಅಲ್ಲ. ಇಷ್ಟು ವರ್ಷ ತಡೆದಿದ್ದು ಈಗ ಯಾಕೆ ಒಡೆಯಿತು ಅಂತ ಮೇಸ್ತ್ರಿ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. "ಹೋಗಿ ಕಾರಿನ ಕೆಳಗೆ ಮಲಗಿ ನೋಡಿ" ಅಂದರು.

ನೋಡಿದೆ. ಸೈಲೆನ್ಸರ್ ಪೈಪನ್ನು ಹಿಡಿದಿಡುವ ಹ್ಯಾಂಗರ್ ರಬ್ಬರ್ ಒಂದು ಹರಿದುಹೋಗಿತ್ತು. ಇಂಜಿನ್ನನ್ನು ಹೊತ್ತಿರುವ ಮೌಂಟಿಂಗ್ ಒಂದು ಕಡೆ ಕುಸಿದಿತ್ತು. ಪೈಪಿನ ಭಾರವೆಲ್ಲ ಮ್ಯಾನಿಫೋಲ್ಡ್ ಮೇಲೆ ಜೋತುಬಿದ್ದಿತ್ತು. ಪ್ರತಿ ಹಳ್ಳಕ್ಕೂ, ಪ್ರತಿ ರೋಡ್ ಹಂಪ್‌ಗೂ ಅದು ಮ್ಯಾನಿಫೋಲ್ಡನ್ನು ಜಗ್ಗುತ್ತಿತ್ತು. ಬೀಡು ಕಬ್ಬಿಣ ಬಾಗುವ ಜಾತಿ ಅಲ್ಲ, ಒಡೆಯುವ ಜಾತಿ. ಆ ರಬ್ಬರ್ ಬದಲಾಯಿಸದೆ ಹೊಸ ಮ್ಯಾನಿಫೋಲ್ಡ್ ಹಾಕಿದ್ದರೂ ಅದೂ ಒಡೆಯುತ್ತಿತ್ತು. ಮಳೆಯಲ್ಲಿ ಅಂಡರ್‌ಪಾಸ್ ನೀರಿಗೆ ಬಿಸಿ ಇಂಜಿನ್ ನುಗ್ಗಿಸಿದರೂ ಹೀಗೇ ಆಗುತ್ತದೆ. ಕಾದ ಬೀಡಿನ ಮೇಲೆ ತಣ್ಣೀರು ಬಿದ್ದರೆ ಗಾಜಿನ ಲೋಟದ ಕಥೆಯೇ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮೇಸ್ತ್ರಿ ಹತ್ತಿರ ಹೋದಾಗ ಆ ಬಿರುಕಿನ ಪಕ್ಕ ಆಗಲೇ ಒಂದು ಹಳೇ ಬೆಸುಗೆ ಇತ್ತು. ಕೆಲವು ವರ್ಷದ ಹಿಂದೆ ಬೇರೆ ಒಂದು ವರ್ಕ್‌ಶಾಪಿನಲ್ಲಿ ಮಾಡಿದ್ದು. ಗೇಟು, ಗ್ರಿಲ್ಲಿಗೆ ಬಳಸುವ ಸಾಮಾನ್ಯ ರಾಡಿನಲ್ಲಿ ಬೆಸೆದು, ಬೇಗ ಆರಲಿ ಅಂತ ನೀರು ಸುರಿದು ಕೊಟ್ಟಿದ್ದರು. ನನ್ನ ಕಣ್ಣೆದುರೇ ನಡೆದಿತ್ತು. ಆಗ ನನಗೆ ತಿಳಿದಿರಲಿಲ್ಲ. ಬೀಡು ಕಬ್ಬಿಣದಲ್ಲಿ ನೂರಕ್ಕೆ ಮೂರು ಪಾಲಿನಷ್ಟು ಇಂಗಾಲ ಇರುತ್ತದೆ. ಬೆಸುಗೆಯ ಬಿಸಿಗೆ ಕರಗಿ ಥಟ್ಟನೆ ತಣ್ಣಗಾದರೆ ಆ ಇಂಗಾಲ ಕಬ್ಬಿಣದ ಜೊತೆ ಸೇರಿ ಗಾಜಿನಂತೆ ಗಡುಸಾಗುತ್ತದೆ. ಬೆಸುಗೆ ನಿಂತರೂ ಪಕ್ಕದ ಕಬ್ಬಿಣ ಬಿರಿಯುತ್ತದೆ. ನಮ್ಮದೂ ಹಾಗೇ ಬಿರಿದಿತ್ತು.

ಮೇಸ್ತ್ರಿ ಒಂದು ದಿನ ಪೂರ್ತಿ ತೆಗೆದುಕೊಂಡರು. ಮೊದಲು ಬಿರುಕಿನ ಎರಡೂ ತುದಿಯಲ್ಲಿ ಸಣ್ಣ ತೂತು ಕೊರೆದರು, ಬಿರುಕು ಮುಂದೆ ಓಡದ ಹಾಗೆ. ಹಳೇ ಬೆಸುಗೆಯನ್ನೆಲ್ಲ ತೆಗೆದು, ಬಿರುಕಿನುದ್ದಕ್ಕೂ ತೋಡು ಮಾಡಿದರು, ಹೊಳೆಯುವ ಕಬ್ಬಿಣ ಕಾಣುವ ತನಕ. ಒಳಗೆ ಇಳಿದಿದ್ದ ಎಣ್ಣೆ, ಮಸಿ ಎಲ್ಲ ಸುಟ್ಟುಹೋಗಲಿ ಅಂತ ಗ್ಯಾಸ್ ಉರಿ ಹಿಡಿದರು. ಬಾಗಬಾರದೆಂದು ಇಡೀ ಮ್ಯಾನಿಫೋಲ್ಡನ್ನು ದಪ್ಪ ಕಬ್ಬಿಣದ ಹಲಗೆಗೆ ಬೋಲ್ಟ್ ಹಾಕಿ ಬಿಗಿದರು. ಆಮೇಲೆ ಇದ್ದಿಲ ಒಲೆಯಲ್ಲಿ ನಿಧಾನವಾಗಿ ಕಾಯಿಸಿದರು. ಬೆಸೆದದ್ದು ನಿಕಲ್ ರಾಡಿನಲ್ಲಿ. ಆ ರಾಡಿಗೆ ಬೆಲೆ ಜಾಸ್ತಿ, ಆದರೆ ನಿಕಲ್ ಮೆತ್ತಗಿನ ಲೋಹ, ಎಳೆತಕ್ಕೆ ಸ್ವಲ್ಪ ಬಗ್ಗುತ್ತದೆ. ಒಂದು ಅಂಗುಲ ಬೆಸೆಯುವುದು, ನಿಲ್ಲಿಸುವುದು, ಬಿಸಿಯಿರುವಾಗಲೇ ಸಣ್ಣ ಸುತ್ತಿಗೆಯಿಂದ ಟಕ್ ಟಕ್ ತಟ್ಟುವುದು. ಮತ್ತೆ ಒಂದು ಅಂಗುಲ. ಮುಗಿದ ಮೇಲೆ ಒಣ ಬೂದಿಯಲ್ಲಿ ಹೂತಿಟ್ಟು, "ನಾಳೆ ಬನ್ನಿ, ಅಲ್ಲೀವರೆಗೆ ಯಾರೂ ಮುಟ್ಟಬೇಡಿ" ಅಂದರು.

ಹೊಸದು ಸಿಗುವುದಿಲ್ಲವಾ ಅಂತ ನೀವು ಕೇಳಬಹುದು. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು. ಆದರೂ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಹುಡುಕಿದರೆ ಅದೃಷ್ಟವಿದ್ದವರಿಗೆ ಸಿಗುತ್ತದೆ. ಹೋಗುವಾಗ ಹಳೆಯದನ್ನು ಕೈಯಲ್ಲೇ ಹಿಡಿದು ಹೋಗಿ. ಸುಮ್ನೆ "1489 ಸಿಸಿ" ಅಂದರೆ ಸಾಲದು, ಅಂಬಾಸಿಡರಿನ ಹಳೇ ಡೀಸೆಲ್ ಇಂಜಿನ್ನೂ 1489 ಸಿಸಿಯೇ. ಪೆಟ್ರೋಲ್ ಅಂತ ಬಿಡಿಸಿ ಹೇಳಿ. 1990ರ ದಶಕದಲ್ಲಿ ಬಂದ ಇಸುಜು ಇಂಜಿನ್ನಿನದೂ ಬೇರೆ. ತುಂಡಾಗಿ ಚೂರು ಕಳೆದುಹೋಗಿದ್ದರೆ ಅಥವಾ ಗೋಡೆ ಸವೆದು ಕಾಗದದಂತಾಗಿದ್ದರೆ ಬೇರೆ ಹುಡುಕಲೇಬೇಕು. ಬರೀ ಬಿರುಕಾದರೆ ನನ್ನ ಮಟ್ಟಿಗೆ ಹಳೆಯದೇ ಮೇಲು.

ಬಿಚ್ಚುವಾಗ ಅವಸರ ಬೇಡ. ಹಿಂದಿನ ದಿನವೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಮೊಂಡಾಟ ಮಾಡಿದರೆ ನಟ್ಟನ್ನು ಗ್ಯಾಸ್‌ನಲ್ಲಿ ಕಾಯಿಸಿ. ಅದಕ್ಕೆ ಮೊದಲು ಕಾರ್ಬುರೇಟರ್, ಪೆಟ್ರೋಲ್ ಪೈಪು ತೆಗೆದು ದೂರ ಇಡಿ. ಸ್ಪ್ಯಾನರ್ ಇಂಚಿನ ಲೆಕ್ಕದ್ದೇ ಇರಲಿ. ಹೆಡ್‌ಗೂ ಮ್ಯಾನಿಫೋಲ್ಡ್‌ಗೂ ನಡುವಿನ ಹಳೇ ಪ್ಯಾಕಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಅದನ್ನು ಒಣಗಿದ್ದಾಗ ಕೆರೆಯಬೇಡಿ, ಊದಬೇಡಿ. ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ಬಿಡಿಸಿ.

ಮರುಜೋಡಣೆಯಲ್ಲಿ ಬಹಳ ಜನ ಎಡವುವುದು ಒಂದು ವಾಷರ್ ವಿಷಯದಲ್ಲಿ. ಈ ಇಂಜಿನ್‌ನಲ್ಲಿ ಗಾಳಿ ಒಳಗೆಳೆಯುವ ಇನ್‌ಟೇಕ್ ಮ್ಯಾನಿಫೋಲ್ಡೂ ಹೊಗೆಯದೂ ಒಂದೇ ಪಕ್ಕದಲ್ಲಿವೆ. ಒಂದೇ ದಪ್ಪ ವಾಷರ್ ಎರಡರ ಅಂಚನ್ನೂ ಒತ್ತಿ ಹಿಡಿಯುತ್ತದೆ. ಬೆಸುಗೆ ಆದ ಮೇಲೆ ಮುಖ ಸಮ ಮಾಡಲು ಹೊಗೆಯ ಮ್ಯಾನಿಫೋಲ್ಡನ್ನು ಮಾತ್ರ ಉಜ್ಜಿಸಿದರೆ ಅದರ ಅಂಚು ತೆಳ್ಳಗಾಗುತ್ತದೆ. ಆಗ ವಾಷರ್ ಇನ್‌ಟೇಕ್ ಮೇಲೆ ಮಾತ್ರ ಕೂರುತ್ತದೆ. ಎಷ್ಟೇ ಬಿಗಿದರೂ ಪಕ್ಕದ್ದು ಸೋರುತ್ತದೆ. ಎರಡರ ದಪ್ಪವನ್ನೂ ಅಳೆದು ಒಂದೇ ಸಮಕ್ಕೆ ತನ್ನಿ. ಪ್ಯಾಕಿಂಗ್ ಹೊಸದು ಹಾಕಿ. ಹಿತ್ತಾಳೆ ನಟ್ಟು ಸಿಕ್ಕರೆ ಅದನ್ನೇ ಹಾಕಿ, ತುಕ್ಕು ಹಿಡಿದು ಕಚ್ಚಿಕೊಳ್ಳುವುದಿಲ್ಲ. ಮಧ್ಯದಿಂದ ಶುರುಮಾಡಿ ಎರಡೂ ಕಡೆಗೆ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಜೋಡಿಸಿದ ಮಾರನೇ ಬೆಳಿಗ್ಗೆ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ, ಬಾನೆಟ್ ಎತ್ತಿ ಕಿವಿಗೊಟ್ಟೆ. ಟಿಕ್ ಟಿಕ್ ಇರಲಿಲ್ಲ. ಕನಕಪುರ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು, ರಾತ್ರಿಯೆಲ್ಲ ಆರಲು ಬಿಟ್ಟು, ಮೇಸ್ತ್ರಿ ಹೇಳಿದಂತೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿದೆ. ಮಧ್ಯದ ಎರಡು ನಟ್ಟು ಕಾಲು ಸುತ್ತು ತಿರುಗಿದವು.

ನಮಸ್ಕಾರ.