ಬೀಡಿ, ಮಾತ್ರೆ ಮತ್ತು ಮನೆಯವರು

ಶ್ರೋತೃಗಳಿಗೆ ನಮಸ್ಕಾರ.

ಮನೋರೋಗ ವಿಭಾಗದ ಮುಂದೆ ಸಾಲಾಗಿ ಕುಳಿತವರ ಕೈಗಳನ್ನು ಗಮನಿಸುವುದು ನನಗೆ ರೂಢಿಯಾಗಿದೆ. ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗದಿಂದ ವರ್ಷಗಟ್ಟಲೆ ಬಳಲಿದ ಅನೇಕರ ಬೆರಳ ತುದಿಗಳು ಅರಿಶಿನ ಮೆತ್ತಿದಂತೆ ಹಳದಿಗಟ್ಟಿರುತ್ತವೆ. ಮೋಟು ಬೀಡಿಯನ್ನು ಕೊನೆಯವರೆಗೂ ಎಳೆದು ಸುಟ್ಟುಕೊಂಡ ಕಲೆಗಳು ಕೆಲವರಲ್ಲಿ ಎದ್ದು ಕಾಣುತ್ತವೆ. ಹಾಗೆ ಕುಳಿತಿದ್ದ ಒಬ್ಬ ಯುವಕನ ತಾಯಿ ಒಮ್ಮೆ ಸೆರಗಿನ ಗಂಟು ಬಿಚ್ಚಿ ತೋರಿಸಿದರು. ಒಳಗೆ ಮೂರು ಬೀಡಿಗಳಿದ್ದವು. "ಬೆಳಿಗ್ಗೆ ಮಾತ್ರೆ ನುಂಗಿದ್ರೆ ಒಂದು, ಸ್ನಾನ ಮಾಡಿದ್ರೆ ಒಂದು, ರಾತ್ರಿ ಮಾತ್ರೆಗೆ ಇನ್ನೊಂದು. ಇಲ್ಲಾಂದ್ರೆ ಮಾತೇ ಕೇಳಲ್ಲ ಡಾಕ್ಟ್ರೇ" ಎಂದರು. ಆ ತಾಯಿಯನ್ನು ನಾನು ದೂರಲಾರೆ. ಒಂದು ಕಾಲದಲ್ಲಿ ಹಲವು ದೇಶಗಳ ಮಾನಸಿಕ ಆಸ್ಪತ್ರೆಗಳೇ ಸಿಗರೇಟನ್ನು ಬಹುಮಾನವಾಗಿ ಹಂಚುತ್ತಿದ್ದವು.

"ಪಾಪ, ಅವನಿಗೆ ಇರುವ ಸುಖ ಅದೊಂದೇ" ಎನ್ನುವ ಮಾತನ್ನು ಮನೆಯವರಿಂದಲೂ ವೈದ್ಯರಿಂದಲೂ ಕೇಳಿದ್ದೇನೆ. ಕರುಣೆಯಿಂದ ಬಂದ ಈ ಮಾತು ರೋಗಿಯ ಪಾಲಿಗೆ ಬಹಳ ದುಬಾರಿ. ತೀವ್ರ ಮನೋರೋಗವುಳ್ಳವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಸಾವುಗಳಲ್ಲಿ ಹೆಚ್ಚಿನವು ಹೃದಯ, ಶ್ವಾಸಕೋಶಗಳಂಥ ದೇಹದ ಕಾಯಿಲೆಗಳಿಂದ ಬರುವಂಥವು, ಮತ್ತು ಅವುಗಳ ಹಿಂದೆ ತಂಬಾಕಿನ ಪಾತ್ರ ದೊಡ್ಡದು.

ಇವರಿಂದ ಬಿಡಲಾಗುವುದಿಲ್ಲ ಎಂಬ ನಂಬಿಕೆಯೂ ಸರಿಯಲ್ಲ. ಇಂಗ್ಲೆಂಡಿನಲ್ಲಿ ಇಂಥ 526 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮನೋರೋಗದ ಅರಿವಿದ್ದ ಕಾರ್ಯಕರ್ತರು ರೋಗಿಗಳ ಮನೆಗೇ ಹೋಗಿ, ಒಮ್ಮೆಲೇ ಬಿಡಲಾಗದವರಿಗೆ ಮೊದಲು ಕಡಿಮೆ ಮಾಡಲು ಹೇಳಿ, ಸೋತವರನ್ನು ಮತ್ತೆ ಪ್ರಯತ್ನಕ್ಕೆ ಹುರಿದುಂಬಿಸಿದರು. ಆರು ತಿಂಗಳಾದಾಗ ಈ ಗುಂಪಿನಲ್ಲಿ ನೂರಕ್ಕೆ 14 ಜನ ಬಿಟ್ಟಿದ್ದರು; ಎಂದಿನ ಸೇವೆ ಪಡೆದವರಲ್ಲಿ ನೂರಕ್ಕೆ 6 ಜನ ಮಾತ್ರ. ವರ್ಷ ತುಂಬುವಾಗ ಈ ಅಂತರ ಕುಗ್ಗಿತು, ಆದ್ದರಿಂದ ಆಸರೆಯನ್ನು ಆರು ತಿಂಗಳಿಗೇ ನಿಲ್ಲಿಸಬಾರದೆಂದು ನನಗನ್ನಿಸುತ್ತದೆ. ತಂಬಾಕು ಬಿಡಲು ಕೊಡುವ ವರೆನಿಕ್ಲಿನ್ ಎಂಬ ಮಾತ್ರೆಯಿಂದ ಮನಸ್ಸು ಕೆಡುತ್ತದೆಂಬ ಹೆದರಿಕೆ ಬಹುಕಾಲ ಇತ್ತು. ಎಂಟು ಸಾವಿರಕ್ಕೂ ಹೆಚ್ಚು ಜನರು ಪಾಲ್ಗೊಂಡ, ಅವರಲ್ಲಿ ಅರ್ಧದಷ್ಟು ಮಂದಿ ಮನೋರೋಗವುಳ್ಳವರೇ ಆಗಿದ್ದ ಅಧ್ಯಯನವೊಂದು 2016ರಲ್ಲಿ ಆ ಹೆದರಿಕೆಯನ್ನು ಬಹುಮಟ್ಟಿಗೆ ನಿವಾರಿಸಿತು.

ಇನ್ನು ನಾನು ಹೇಳುವ ವಿಷಯವನ್ನು ದಯವಿಟ್ಟು ಗಮನವಿಟ್ಟು ಕೇಳಬೇಕು. ಬೀಡಿ, ಸಿಗರೇಟಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸುತ್ತವೆ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್, ಓಲಾಂಜಪಿನ್ ಮಾತ್ರೆಗಳನ್ನು ಕರಗಿಸಿ ಹೊರಹಾಕುವುದು ಅದೇ ಕಿಣ್ವ. ಹೀಗಾಗಿ ಸೇದುವವರ ರಕ್ತದಲ್ಲಿ ಔಷಧ ಬೇಗ ಇಳಿಯುತ್ತದೆ, ಅವರಿಗೆ ಹೆಚ್ಚು ಪ್ರಮಾಣ ಬೇಕಾಗುತ್ತದೆ. ಅವರು ಏಕಾಏಕಿ ಸೇದುವುದನ್ನು ಬಿಟ್ಟರೆ ಅದೇ ಪ್ರಮಾಣ ಕೆಲವೇ ದಿನಗಳಲ್ಲಿ ಅತಿಯಾಗಿ, ಮಂಪರು, ಜೊಲ್ಲು, ತಲೆಸುತ್ತು, ಕೆಲವೊಮ್ಮೆ ಫಿಟ್ಸ್ ಕೂಡ ಕಾಣಿಸಿಕೊಳ್ಳಬಹುದು. ಇದರ ತಿರುವುಮುರುವೂ ಉಂಟು: ಹೊಗೆಯಿಲ್ಲದ ವಾರ್ಡಿನಲ್ಲಿ ಪ್ರಮಾಣ ಗೊತ್ತುಮಾಡಿಸಿಕೊಂಡು ಬಂದವನು ಊರಿನ ಬಸ್ಸು ಇಳಿದೊಡನೆ ಗೂಡಂಗಡಿಯಲ್ಲಿ ಬೀಡಿ ಕಟ್ಟು ಕೊಂಡರೆ ಔಷಧ ಸಾಲದೆ ಕಾಯಿಲೆ ಮರಳಬಹುದು. ಈ ಪರಿಣಾಮ ಹೊಗೆಯದೇ ಹೊರತು, ತಂಬಾಕಿನ ಚಟ ಹಿಡಿಸುವ ನಿಕೋಟಿನ್‌ನದಲ್ಲ. ತಂಬಾಕು ಬಿಡಲು ಬಳಸುವ ನಿಕೋಟಿನ್ ಚ್ಯೂಯಿಂಗ್ ಗಮ್ ಅಗಿದರೂ ಅಂಟುಪಟ್ಟಿ ಹಚ್ಚಿಕೊಂಡರೂ ಕಿಣ್ವ ಚುರುಕಾಗುವುದಿಲ್ಲ. ಆದ್ದರಿಂದ ಬಿಡುವ ದಿನವನ್ನು ವೈದ್ಯರಿಗೆ ಮುಂಚೆಯೇ ತಿಳಿಸಬೇಕು, ಪ್ರಮಾಣವನ್ನು ಅವರೇ ಬದಲಿಸಬೇಕು. ಕಾಫಿಯ ಕೆಫೀನನ್ನು ಕರಗಿಸುವುದೂ ಇದೇ ಕಿಣ್ವವಾದ್ದರಿಂದ, ಆ ದಿನಗಳಲ್ಲಿ ಕಾಫಿ ಅರ್ಧಕ್ಕಿಳಿಸಿದರೆ ಚಡಪಡಿಕೆ ಕಡಿಮೆಯಾಗುತ್ತದೆ.

ಮೊದಲ ವಾರ ಕಷ್ಟದ್ದು. ನಿದ್ದೆ ಬಾರದು, ಸಿಡುಕು ಹೆಚ್ಚುತ್ತದೆ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಹಳೆಯ ಕಾಯಿಲೆಯೇ ಕೆರಳಿತೆಂದು ಗಾಬರಿಯಾದ ಮನೆಯವರು ತಾವೇ ಬೀಡಿ ತಂದುಕೊಡುವುದನ್ನು ನಾನು ಕಂಡಿದ್ದೇನೆ. ಈ ತಳಮಳ ಸಾಮಾನ್ಯವಾಗಿ ಮೂರು ನಾಲ್ಕು ವಾರಗಳಲ್ಲಿ ತಗ್ಗುತ್ತದೆ. ಆದರೆ ಯಾರೋ ಮಾತನಾಡಿದಂತೆ ಕೇಳಿಸುವುದು, ಅನುಮಾನ ಬೆಳೆಯುವುದು ಇವು ಬೀಡಿ ಬಿಟ್ಟಿದ್ದರ ಲಕ್ಷಣಗಳಲ್ಲ, ಅವು ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು. ನಿಕೋಟಿನ್ ಗಮ್ಮನ್ನು ಮಿಠಾಯಿಯಂತೆ ಅಗಿಯಬಾರದು: ನಿಧಾನವಾಗಿ ಜಗಿದು, ಖಾರ ತಾಗಿದೊಡನೆ ಕೆನ್ನೆಯ ಸಂದಿಯಲ್ಲಿ ಒತ್ತರಿಸಿಟ್ಟುಕೊಂಡು, ಖಾರ ಮಾಸಿದ ಮೇಲೆ ಮತ್ತೆ ಜಗಿಯಬೇಕು.

ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: ಮೊದಲು ಮಾತ್ರೆಗೂ ಬೀಡಿಗೂ ಇರುವ ಗಂಟನ್ನು ಬಿಚ್ಚಿ. ಮಾತ್ರೆಯ ನಂತರ ಮಗನೊಂದಿಗೆ ಕುಳಿತು ತಿಂಡಿ ತಿನ್ನಿ, ಬೀದಿಯ ಕೊನೆಯವರೆಗೆ ಜೊತೆಯಲ್ಲಿ ನಡೆಯಿರಿ. ಬೀಡಿಯ ಲೆಕ್ಕವನ್ನು ಅವನೊಂದಿಗೇ ಕುಳಿತು, ವಾರಕ್ಕೆ ಇಷ್ಟು ಎಂದು ಇಳಿಸೋಣ.

ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800 11 2356. ಮನಸ್ಸಿನ ತೊಂದರೆಗಳಿಗೆ ಟೆಲಿ ಮಾನಸ್ ಸಂಖ್ಯೆ 14416. ಎರಡಕ್ಕೂ ಹಣ ಕೊಡಬೇಕಿಲ್ಲ. ಕರೆ ಮಾಡುವಾಗ ಮಾತ್ರೆಯ ಚೀಟಿ ಕೈಯಲ್ಲಿರಲಿ, ಔಷಧದ ಹೆಸರನ್ನೂ ಪ್ರಮಾಣವನ್ನೂ ಓದಿ ಹೇಳಿರಿ.

ನಮಸ್ಕಾರ.