ಬಾಣದ ಗುರುತಿರುವ ಫೈಲು

ಎಲ್ಲರಿಗೂ ನಮಸ್ಕಾರ. ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುವವರು, ಕಲಿತು ಇವತ್ತಿಗೂ ಕಚೇರಿಯಲ್ಲಿ ಎಕ್ಸೆಲ್ ಮ್ಯಾಕ್ರೋ ಬರೆಯುವವರು ಇಲ್ಲಿ ಕೂತಿದ್ದೀರಿ. ಹಾಗಾಗಿ ಲೂಪು, ಸ್ಟ್ರಿಂಗು ಅಂತ ಪೀಠಿಕೆ ಹಾಕುವುದಿಲ್ಲ. ಒಂದೇ ಮಾತು ಹೇಳಬೇಕೆಂದು ಬಂದಿದ್ದೇನೆ. ನಿಮ್ಮ ಪ್ರೋಗ್ರಾಮು ಯಾವ ಫೈಲನ್ನು ಮುಟ್ಟುವುದಿದ್ದರೂ ಮೊದಲು ಕೇಳಲಿ: ಇದು ಮನೆಯೋ, ಮನೆಯ ವಿಳಾಸವೋ? ಅಂದರೆ ನಿಜವಾದ ಫೈಲೋ, ಅದರತ್ತ ಬೆರಳು ತೋರಿಸುವ ಶಾರ್ಟ್‌ಕಟ್ಟೋ?

ನಮ್ಮೂರಿನ ನಿವೃತ್ತ ಮೇಷ್ಟ್ರೊಬ್ಬರು ವರ್ಷಾನುಗಟ್ಟಲೆ ಊರೂರು ತಿರುಗಿ ಗಾದೆ ಕೂಡಿಸಿದ್ದರು. ಎಲ್ಲವೂ ಒಂದು ಪೆನ್‌ಡ್ರೈವಿನಲ್ಲಿ. ಒಂದು ದಿನ ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಗೆ ಹೋಗಿ ಬಂದರು. ಮನೆಯಲ್ಲಿ ಹಾಕಿ ನೋಡಿದರೆ ಎಲ್ಲ ಫೋಲ್ಡರುಗಳ ಎಡಮೂಲೆಯಲ್ಲೂ ಸಣ್ಣ ಬಾಣ. ಒಂದೊಂದರ ಅಳತೆ 2 ಕೆಬಿ. ನನ್ನ ಹತ್ತಿರ ಬಂದು, "ಇಷ್ಟು ವರ್ಷದ ಕೆಲಸ ಎರಡು ಕೆಬಿಗೆ ಇಳಿದುಹೋಯಿತಲ್ಲಪ್ಪಾ" ಅಂದರು. ಯಾರೋ ಅವರಿಗೆ ಫಾರ್ಮ್ಯಾಟ್ ಮಾಡಿಬಿಡಿ ಎಂದೂ ಹೇಳಿದ್ದರಂತೆ. ಕೇಳಿ ನನ್ನ ಎದೆ ಝಲ್ಲೆಂದಿತು.

ವಿಬಿಸ್ಕ್ರಿಪ್ಟ್ ಎಂಬ ಬೇಸಿಕ್ ಕುಲದ ಭಾಷೆಯಲ್ಲಿ ಒಂದು ಪುಟ್ಟ ಸ್ಕ್ರಿಪ್ಟ್ ಬರೆದೆ. 'ಡಬ್ಲ್ಯೂಸ್ಕ್ರಿಪ್ಟ್ ಶೆಲ್' ಎಂಬ, ವಿಂಡೋಸಿನ ಕೆಲಸ ಮಾಡಿಕೊಡುವ ಆಬ್ಜೆಕ್ಟ್ ಕರೆದು, ಒಂದೊಂದೇ ಬಾಣದ ಫೈಲನ್ನು 'ಕ್ರಿಯೇಟ್‌ಶಾರ್ಟ್‌ಕಟ್'ಗೆ ಕೊಟ್ಟು, 'ಟಾರ್ಗೆಟ್‌ಪಾತ್' (ಅದು ತೋರಿಸುವ ಜಾಗ) ಏನೆಂದು ಕೇಳಿದೆ. ಫೋಲ್ಡರಿನ ಹೆಸರು ಬರಬೇಕಿತ್ತಲ್ಲ? ಬಂದದ್ದು, ಆದೇಶ ಬರೆದು ಓಡಿಸುವ ವಿಂಡೋಸಿನ ಕಮಾಂಡ್ ಪ್ರಾಂಪ್ಟ್. 'ಆರ್ಗ್ಯುಮೆಂಟ್ಸ್' (ಅದಕ್ಕೆ ಕೊಟ್ಟ ಆದೇಶಗಳು) ನೋಡಿದರೆ ಕಳ್ಳ ಅಲ್ಲೇ ಕೂತಿದ್ದ: ಮೊದಲು ವೈರಸ್ಸಿನ ಸ್ಕ್ರಿಪ್ಟ್ ಓಡಿಸು, ಆಮೇಲೆ ನಿಜವಾದ ಫೋಲ್ಡರ್ ತೆರೆ. ನಿಜವಾದ ಫೋಲ್ಡರುಗಳು ಎಲ್ಲಿಗೂ ಹೋಗಿರಲಿಲ್ಲ. ಹಿಡನ್ ಮತ್ತು ಸಿಸ್ಟಮ್, ಅಂದರೆ ವಿಂಡೋಸಿನ ಲೆಕ್ಕದಲ್ಲಿ 2 ಮತ್ತು 4, ಈ ಎರಡು ಗುರುತು ಹಚ್ಚಿ ವೈರಸ್ಸು ಅವನ್ನು ಮರೆಮಾಡಿತ್ತು ಅಷ್ಟೇ. ಗುರುತು ತೆಗೆದ ಕೂಡಲೇ ಅಕಾರಾದಿಯಾಗಿ ಬಂದು ನಿಂತವು. ಮೇಷ್ಟ್ರು ಪರದೆಯ ಮೇಲೆ ಬೆರಳಿಟ್ಟು ಒಂದೊಂದನ್ನೇ ಎಣಿಸಿದರು.

ಈಗ ವಿಷಯಕ್ಕೆ ಬರೋಣ. ವಿಂಡೋಸ್ 95ರ ಜೊತೆ ಬಂದ ಈ ಶಾರ್ಟ್‌ಕಟ್ ತಾನೇ ಒಂದು ಫೈಲು. ವಿಶುವಲ್ ಬೇಸಿಕ್‌ನ 'ಓಪನ್'ನಿಂದ ಅದನ್ನು ತೆರೆದರೆ ನಿಮ್ಮ ಪತ್ರ ಸಿಗುವುದಿಲ್ಲ, ಶಾರ್ಟ್‌ಕಟ್ಟಿನ ಬೈಟುಗಳೇ ಸಿಗುತ್ತವೆ. ಮೊದಲ ಬೈಟು 76. ಫೈಲಿನ ತಲೆಭಾಗವಾದ ಹೆಡರಿನ ಉದ್ದವೂ 76 ಬೈಟು. ಅಕ್ಷರವಾಗಿ ಓದಿದರೆ 'ಎಲ್' ಕಾಣುತ್ತದೆ. 'ಫೈಲ್‌ಲೆನ್' (ಫೈಲಿನ ಅಳತೆ) ಕೇಳಿದರೂ ವಿಳಾಸದ ಚೀಟಿಯ ಅಳತೆಯನ್ನೇ ಹೇಳುತ್ತದೆ, ಮನೆಯದ್ದನ್ನಲ್ಲ. ವೆಬ್ ವಿಳಾಸದ ಶಾರ್ಟ್‌ಕಟ್ ಮಾತ್ರ ಸರಳ ಪಠ್ಯ, ನೋಟ್‌ಪ್ಯಾಡಿನಲ್ಲೇ ಓದಬಹುದು.

'ಕ್ರಿಯೇಟ್‌ಶಾರ್ಟ್‌ಕಟ್' ಎಂಬ ಹೆಸರು ಹೊಸಬರ ದಾರಿ ತಪ್ಪಿಸುತ್ತದೆ. ಇರುವುದನ್ನು ಓದಲಿಕ್ಕೂ ಅದೇ, ಹೊಸದು ಮಾಡಲಿಕ್ಕೂ ಅದೇ. 'ಸೇವ್' ಅನ್ನುವವರೆಗೆ ಡಿಸ್ಕಿನ ಮೇಲೆ ಏನೂ ಬರೆಯುವುದಿಲ್ಲ. ಇಲ್ಲದ ಶಾರ್ಟ್‌ಕಟ್ಟಿನ ಹೆಸರು ಕೊಟ್ಟರೂ ಎರರ್ ಬರುವುದಿಲ್ಲ, ಟಾರ್ಗೆಟ್‌ಪಾತ್ ಖಾಲಿಯಾಗಿ ಬರುತ್ತದೆ. ಆದ್ದರಿಂದ ಮೊದಲು ಶಾರ್ಟ್‌ಕಟ್ ಇದೆಯೇ ನೋಡಿ, ಆಮೇಲೆ ಅದು ತೋರಿಸುವ ಜಾಗ ಇದೆಯೇ ನೋಡಿ. ವಿಳಾಸ ಇದ್ದ ಮಾತ್ರಕ್ಕೆ ಮನೆ ಇರಬೇಕೆಂದಿಲ್ಲ.

ಇನ್ನು ನಮ್ಮ ಕನ್ನಡದ ಸಂಕಟ. ಇದನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ, ಇಲ್ಲೂ ಹೇಳುತ್ತೇನೆ. 1998ರ ವಿಬಿ 6 (ವಿಶುವಲ್ ಬೇಸಿಕ್ 6), ಒಳಗೆ ಎಲ್ಲ ಲಿಪಿಗಳಿಗೂ ಜಾಗವಿರುವ ಯೂನಿಕೋಡ್ ಇಟ್ಟುಕೊಂಡರೂ, ಫೈಲು ಹುಡುಕುವ 'ಡಿರ್' ಮತ್ತು 'ಓಪನ್' ಹೊತ್ತಿಗೆ ಹೆಸರನ್ನು ಕೋಡ್‌ಪೇಜ್ ಎಂಬ ಹಳೆಯ ಅಕ್ಷರಪಟ್ಟಿಗೆ ಇಳಿಸುತ್ತದೆ. ಅಲ್ಲಿ ಕನ್ನಡಕ್ಕೆ ಜಾಗವಿಲ್ಲ. 'ಗಾದೆಗಳು' ಅನ್ನುವ ಫೋಲ್ಡರು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಬರುತ್ತದೆ. ಟಾರ್ಗೆಟ್‌ಪಾತ್‌ನಲ್ಲಿ ಕನ್ನಡ ಇದ್ದರೂ ಇದೇ ತೊಡಕು. ಅಂಥ ಕಡೆ 'ಶೆಲ್ ಅಪ್ಲಿಕೇಶನ್' ಆಬ್ಜೆಕ್ಟಿನ 'ಗೆಟ್‌ಲಿಂಕ್' ಹಿಡಿಯಿರಿ, ಅದು ಕನ್ನಡವನ್ನು ಉಳಿಸಿಕೊಳ್ಳುತ್ತದೆ. ದಯವಿಟ್ಟು ಮಕ್ಕಳಿಗೆ "ಫೈಲಿಗೆ ಇಂಗ್ಲಿಷ್ ಹೆಸರೇ ಇಡಿ" ಅಂತ ಹೇಳಿಕೊಡಬೇಡಿ. ತಿದ್ದಬೇಕಾದ್ದು ಪ್ರೋಗ್ರಾಮು, ಮಗು ಇಟ್ಟ ಹೆಸರಲ್ಲ.

ಚೀಟಿ ಬಂತು, ಐದೇ ನಿಮಿಷ ಅಂತೆ. ಜಂಕ್ಷನ್ ಮತ್ತು ಸಿಂಬಾಲಿಕ್ ಲಿಂಕ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಇವೂ ಬೇರೆ ಜಾಗ ತೋರಿಸುವ ಲಿಂಕುಗಳೇ. ಶಾರ್ಟ್‌ಕಟ್ ಅರ್ಥವಾಗುವುದು ವಿಂಡೋಸಿನ ಶೆಲ್ಲಿಗೆ, ಅಂದರೆ ನಮಗೆ ಕಾಣುವ ಡೆಸ್ಕ್‌ಟಾಪು-ಫೋಲ್ಡರುಗಳ ಪದರಕ್ಕೆ ಮಾತ್ರ; ಇವು ಡಿಸ್ಕಿನ ಫೈಲುಗಳ ಲೆಕ್ಕ ಇಡುವ ಫೈಲ್ ಸಿಸ್ಟಮ್ಮಿಗೇ ಗೊತ್ತು. 'ಓಪನ್' ಅಂದರೆ ಸದ್ದಿಲ್ಲದೆ ಗುರಿಯೇ ತೆರೆಯುತ್ತದೆ. ವಿಂಡೋಸಿನ ಪ್ರೋಗ್ರಾಂಡೇಟಾ ಫೋಲ್ಡರಿನ ಒಳಗಿನ 'ಅಪ್ಲಿಕೇಶನ್ ಡೇಟಾ' ಎಂಬ ಜಂಕ್ಷನ್ ಮತ್ತೆ ಪ್ರೋಗ್ರಾಂಡೇಟಾವನ್ನೇ ತೋರಿಸುತ್ತದೆ. ಫೋಲ್ಡರುಗಳ ಒಳಗೊಳಗೆ ಇಳಿಯುವ ನಿಮ್ಮ ರಿಕರ್ಷನ್ ಅದನ್ನು ಗುರುತಿಸದಿದ್ದರೆ ಅಲ್ಲೇ ಗಿರಕಿ ಹೊಡೆಯಬಹುದು. ಫೈಲ್‌ಸಿಸ್ಟಮ್‌ಆಬ್ಜೆಕ್ಟ್ ಎಂಬ ಇನ್ನೊಂದು ಆಬ್ಜೆಕ್ಟಿನಲ್ಲಿ ಫೋಲ್ಡರಿನ 'ಅಟ್ರಿಬ್ಯೂಟ್ಸ್'ನೊಳಗೆ ಲಿಂಕಿನ ಗುರುತಾದ 1024 ಇದೆಯೇ ಎಂದು ನೋಡಿ, ಇದ್ದರೆ ಒಳಗೆ ಕಾಲಿಡಬೇಡಿ. ಅಳಿಸುವ ಪ್ರೋಗ್ರಾಮಿನಲ್ಲಂತೂ ಈ ಪರೀಕ್ಷೆ ತಪ್ಪಿಸಲೇಬೇಡಿ.

ವಿಬಿಸ್ಕ್ರಿಪ್ಟನ್ನು ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಹೇಳಿದೆ. ಹೋದರೂ ಚಿಂತೆಯಿಲ್ಲ, ಈ ಆಬ್ಜೆಕ್ಟುಗಳನ್ನು ಎಕ್ಸೆಲ್ ಮ್ಯಾಕ್ರೋದಿಂದಲೂ ಕರೆಯಬಹುದು. ಮೇಷ್ಟ್ರಿಗೆ ಬರೆದುಕೊಟ್ಟ ಸ್ಕ್ರಿಪ್ಟ್ ಈ ಲ್ಯಾಪ್‌ಟಾಪಿನಲ್ಲಿದೆ. ನಿಮ್ಮಲ್ಲಿ ಯಾರದಾದರೂ ಪೆನ್‌ಡ್ರೈವಿನ ಫೋಲ್ಡರುಗಳ ಮೇಲೆ ಬಾಣ ಕಾಣಿಸುತ್ತಿದ್ದರೆ ಡಬಲ್ ಕ್ಲಿಕ್ ಮಾಡಬೇಡಿ. ಮುಂದೆ ಬನ್ನಿ, ಎಲ್ಲರೆದುರು ತೆಗೆದು ನೋಡೋಣ.